ಕೈಕೆಲಸದ ಚಾಕು, ಕೈಗೆಟಕುವ ಬೆಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಯಲ್ಲಿ ಚಾಕು ಮಾಡಿ ಮಾರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಕೈಕೆಲಸದ ಚಾಕುವನ್ನು ಮೊದಲ ಸಲ ಕೊಳ್ಳುವವರು ಹಿಂಜರಿಯದೆ ಕೊಳ್ಳುವಂಥ ಒಂದು ಮಾದರಿ ಹೇಗಿರಬೇಕು, ಅದಕ್ಕೆ ಬೆಲೆ ಹೇಗೆ ಕಟ್ಟಬೇಕು ಎಂಬುದರ ಸುತ್ತಲೇ ಇವೆಲ್ಲ ಇವೆ.

ಪ್ರಶ್ನೆ: ನನ್ನ ಚಾಕುಗಳನ್ನು ಹೊಗಳುತ್ತಾರೆ, ಬೆಲೆ ಕೇಳಿ ಕೆಳಗಿಡುತ್ತಾರೆ. ಕಡಿಮೆ ಬೆಲೆಯ ಮಾದರಿ ಮಾಡಬೇಕೆಂದಿದ್ದೇನೆ. ಅಗ್ಗದ ಉಕ್ಕು ಬಳಸಿದರೆ ಸಾಕೆ?

ಉತ್ತರ: ಸಾಲದು. 200 ಮಿ.ಮೀ. ಉದ್ದ, 30 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪದ ಪಟ್ಟಿ ಸುಮಾರು 120 ಗ್ರಾಂ ತೂಗುತ್ತದೆ. ಅಷ್ಟು ಉಕ್ಕಿನಲ್ಲಿ ಎಷ್ಟು ಉಳಿಸಿದರೂ ಚಾಕುವಿನ ಬೆಲೆ ಅಲುಗಾಡುವುದಿಲ್ಲ. ಬೆಲೆಯ ದೊಡ್ಡ ಪಾಲು ನಿಮ್ಮ ಗಂಟೆಗಳದ್ದು. ಆ ಗಂಟೆಗಳನ್ನು ಕಡಿಮೆ ಮಾಡಬೇಕಾದ ಹೊತ್ತು ನಕ್ಷೆ ಬರೆಯುವ ಹೊತ್ತು. ಉಜ್ಜಲು ಕೂತ ಮೇಲೆ ತಡವಾಗಿರುತ್ತದೆ.

ಅಲಗು 90, ಹಿಡಿ 110 ಮಿ.ಮೀ. ಇಟ್ಟುಕೊಳ್ಳಿ. ಉಕ್ಕು ಪೂರ್ಣ ಅಗಲದಲ್ಲೇ ಹಿಡಿಯ ತುದಿಯವರೆಗೂ ಹೋಗಲಿ, ಎರಡು ಬದಿಗೂ 8 ಮಿ.ಮೀ. ದಪ್ಪದ ಪಟ್ಟೆ ಕೂರಲಿ. ಫುಲ್ ಟ್ಯಾಂಗ್ ಎನ್ನುವುದು ಇದನ್ನೇ. ಹಿಡಿಯೊಳಗೆ ತೂರಿಸುವ ಸಣ್ಣ ಟ್ಯಾಂಗಿಗೆ ಉಕ್ಕು ಕಡಿಮೆ ಸಾಕು, ಆದರೆ ಮರದೊಳಗೆ ಅದರ ಅಳತೆಗೆ ಸರಿಯಾಗಿ ಗೂಡು ಕೊರೆಯುವ ಕೆಲಸ ಒಂದೊಂದೇ ಆಗಬೇಕು, ಹತ್ತನ್ನು ಒಟ್ಟಿಗೆ ಮುಗಿಸಲು ಬರುವುದಿಲ್ಲ.

ಬೆನ್ನಿನಿಂದ ಬಾಯಿಯವರೆಗೆ, ಅಂದರೆ ಕತ್ತರಿಸುವ ಅಂಚಿನವರೆಗೆ, ಒಂದೇ ಚಪ್ಪಟೆ ಇಳಿಜಾರು ಕೊಡಿ. ದಪ್ಪ ಪಟ್ಟಿಯಲ್ಲಿ ಅರ್ಧಕ್ಕೆ ಶುರುವಾಗುವ ಇಳಿಜಾರು ಹಿಡಿಯ ಮುಂದೆ ಎದ್ದುಕಾಣುವ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಎರಡೂ ಬದಿ ಒಂದೇ ಜಾಗಕ್ಕೆ ಬರಬೇಕು. ಹೊಸಬರ ಅಲಗುಗಳು ಹೆಚ್ಚಾಗಿ ಕೆಡುವುದು ಅಲ್ಲಿಯೇ. 2.5 ಮಿ.ಮೀ. ಪಟ್ಟಿಯಲ್ಲಿ ಇಳಿಜಾರು ಹಿಡಿಯ ಹತ್ತಿರ ನಿಧಾನವಾಗಿ ಕರಗಿಹೋಗುವಂತೆ ಉಜ್ಜಿದರೆ ಈ ತೊಂದರೆಯೇ ಇಲ್ಲ.

ಕೈಯಲ್ಲಿ ಮರಳುಕಾಗದ ಹಿಡಿದು ತಿಕ್ಕುವ ಹೊಳಪನ್ನು ಈ ಮಾದರಿಯಲ್ಲಿ ಬಿಟ್ಟುಬಿಡಿ. ಅದಕ್ಕೆ ಒಂದೂವರೆ ಗಂಟೆ ಹೋಗುತ್ತದೆ, ಮೊದಲ ವಾರದ ಬಳಕೆಯಲ್ಲೇ ಗೀರು ಬೀಳುತ್ತದೆ. 220ರ ಉಜ್ಜುವ ಬೆಲ್ಟ್ (ಅಂಕಿ ಹೆಚ್ಚಿದಷ್ಟೂ ಮರಳು ನುಣುಪು), ಆಮೇಲೆ 400ರ ಬೆಲ್ಟ್, ಗೆರೆಗಳೆಲ್ಲ ಒಂದೇ ದಿಕ್ಕಿಗೆ: ಇಷ್ಟು ಸಾಕು. ಆದರೆ 60ರ ಬೆಲ್ಟಿನ ಆಳದ ಗೀರನ್ನು ಹಾಗೇ ಬಿಟ್ಟು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಕಪ್ಪು ಮಾಡಿದರೆ ಮುಚ್ಚಿಹೋಗುತ್ತದೆ ಎಂದುಕೊಳ್ಳಬೇಡಿ, ಇನ್ನೂ ಎದ್ದು ಕಾಣುತ್ತದೆ.

ಹಿಡಿಗೆ 5 ಮಿ.ಮೀ. ದಪ್ಪದ ಎರಡು ಹಿತ್ತಾಳೆ ಪಿನ್ ಸಾಕು, ತೂತು 5.1 ಮಿ.ಮೀ. ಇರಲಿ. ತೂತುಗಳ ಜಾಗವನ್ನು ಒಂದು ಗಡಸು ಉಕ್ಕಿನ ಮಾದರಿ ತಗಡಿನಲ್ಲಿ ಒಮ್ಮೆ ಗೊತ್ತುಮಾಡಿದರೆ ಮುಂದಿನ ಎಲ್ಲ ಚಾಕುಗಳಿಗೂ ಅದೇ ನಡೆಯುತ್ತದೆ. ಪಟ್ಟೆಗಳ ಮುಂದಿನ ಅಂಚನ್ನು ಅಂಟಿಸುವ ಮೊದಲೇ ಪೂರ್ತಿ ನುಣುಪು ಮಾಡಿಡಿ. ಅಂಟಿಸಿದ ಮೇಲೆ ಅಲ್ಲಿ ಕೈಯಾಡಿಸಿದರೆ ಅಲಗಿಗೆ ಗೀರು ಬೀಳುವುದು ಖಂಡಿತ.

ಮೂರು ಕಡೆ ಮಾತ್ರ ಸಮಯ ಉಳಿಸಲೇಬೇಡಿ: ಹದ ಹಾಕುವುದು (ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವುದು), ಬಾಯಿಯ ತೆಳುವು, ಹಿಡಿಯ ಮೂಲೆಗಳು. ಸಾಣೆ ಹಿಡಿಯುವ ಮೊದಲು ಬಾಯಿಯ ದಪ್ಪ 0.3 ಮಿ.ಮೀ. ಸುತ್ತಮುತ್ತ ಇರಬೇಕು. ಕಡಿಮೆ ಬೆಲೆಯ ಕೈಚಾಕುಗಳಲ್ಲಿ ಪದೇಪದೇ ಕಾಣುವ ದೋಷವೆಂದರೆ ದಪ್ಪ ಬಾಯಿ. ಗಟ್ಟಿಮುಟ್ಟಾಗಿ ಕಾಣುತ್ತದೆ, ಕತ್ತರಿಸಲು ಹೋದರೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಕಾರ್ಬನ್ ಉಕ್ಕೋ, ಸ್ಟೇನ್‌ಲೆಸ್ಸೋ?

ಉತ್ತರ: ಹದವನ್ನು ನೀವೇ ಹಾಕುವುದಾದರೆ 1084 ಎಂಬ ಕಾರ್ಬನ್ ಉಕ್ಕು. ಸುಮಾರು 815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಐದು ಹತ್ತು ನಿಮಿಷ ಅದೇ ಬಿಸಿಯಲ್ಲಿಟ್ಟು, 50–55 ಡಿಗ್ರಿಗೆ ಬೆಚ್ಚಗಾಗಿಸಿದ ಎಣ್ಣೆಯಲ್ಲಿ ಅದ್ದಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಅಯಸ್ಕಾಂತ ಬಳಸಿ: ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅದಕ್ಕೆ ಅಂಟುವುದಿಲ್ಲ, ಅಲ್ಲಿಂದ ಇನ್ನೊಂದು ಛಾಯೆ ಹೆಚ್ಚು ಕೆಂಪಾಗಬೇಕು. ಅದ್ದಿ ತೆಗೆದ ಅಲಗಿನ ಮೇಲೆ ಅರ ಜಾರಬೇಕು, ಕಚ್ಚಬಾರದು. ತಡಮಾಡದೆ 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಟೆಂಪರ್ ಮಾಡಿ, ಅಂದರೆ ಒಡೆಯುವ ಗುಣ ತಗ್ಗುವಂತೆ ಮತ್ತೆ ಕಾಯಿಸಿ. ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 60ರ ಆಸುಪಾಸು ನಿಲ್ಲುತ್ತದೆ.

1095 ಹೆಸರು ಮಾಡಿದ ಉಕ್ಕು, ಆದರೆ ಅದಕ್ಕೆ ಇನ್ನೂ ವೇಗವಾಗಿ ತಣಿಸುವ ಎಣ್ಣೆ ಬೇಕು. ಅಡುಗೆ ಎಣ್ಣೆಯಲ್ಲಿ ಒಮ್ಮೆ ಗಡಸಾಗುತ್ತದೆ, ಒಮ್ಮೆ ಆಗುವುದಿಲ್ಲ. ಎಇಬಿ-ಎಲ್‌ನಂಥ ಸ್ಟೇನ್‌ಲೆಸ್ ಉಕ್ಕು ಚೆನ್ನಾಗಿದೆ, ಆದರೆ 1,050 ಡಿಗ್ರಿ ದಾಟುವ ವಿದ್ಯುತ್ ಕುಲುಮೆ, ಗಾಳಿ ತಾಗದಂತೆ ಸುತ್ತುವ ಲೋಹದ ಹಾಳೆ, ತಣಿಸಲು ದಪ್ಪ ಅಲ್ಯೂಮಿನಿಯಂ ಫಲಕಗಳು ಬೇಕು. ಅದನ್ನು ಆರಿಸಿಕೊಂಡರೆ ಇಪ್ಪತ್ತು ಮೂವತ್ತು ಅಲಗು ಒಟ್ಟುಮಾಡಿ, ಹದ ಹಾಕಿಕೊಡುವವರಿಗೆ ಕಳಿಸುವುದು ಮೇಲು.

ಪ್ರಶ್ನೆ: ಸಾಮಾನಿನ ಖರ್ಚಿನ ಎರಡರಷ್ಟು ಬೆಲೆ ಇಡುತ್ತೇನೆ. ಆದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಉತ್ತರ: ಸಾಮಾನಿನ ಖರ್ಚನ್ನೇ ಅಳತೆಗೋಲು ಮಾಡಿಕೊಂಡಿದ್ದೇ ತಪ್ಪು. ಬದಲಿಗೆ ನಿಮ್ಮ ಒಂದು ಗಂಟೆಯ ಕೂಲಿಯನ್ನು 1 ಎಂದಿಟ್ಟುಕೊಂಡು ಎಲ್ಲವನ್ನೂ ಅದರಲ್ಲೇ ಅಳೆಯಿರಿ.

ಮೇಲಿನ ಚಾಕುವನ್ನು ಹತ್ತರ ಕಂತಿನಲ್ಲಿ ಮಾಡುವಾಗ ಒಂದಕ್ಕೆ ಹಿಡಿಯುವ ಸಮಯ ಹೀಗಿರಲಿ: ಆಕಾರ ಮತ್ತು ತೂತು 20 ನಿಮಿಷ, ಹದಕ್ಕೆ ಮೊದಲಿನ ಉಜ್ಜುವಿಕೆ 35, ಹದದ ಪಾಲು 15, ನಂತರದ ಉಜ್ಜುವಿಕೆ 40, ಹಿಡಿ 60, ಸಾಣೆ ಮತ್ತು ಗುರುತು 15, ಒರೆ 30, ಫೋಟೊ, ಪ್ಯಾಕಿಂಗ್, ಗಿರಾಕಿಗಳಿಗೆ ಉತ್ತರ 25. ಒಟ್ಟು ನಾಲ್ಕು ಗಂಟೆ. ಕೊನೆಯ 25 ನಿಮಿಷವನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೂಲಿ 4. ಉಕ್ಕು, ಪಟ್ಟೆ, ಪಿನ್, ಅಂಟು, ಒರೆಯ ಸಾಮಾನು 1.2 ಎನ್ನೋಣ. ಬೆಲ್ಟ್, ಡ್ರಿಲ್ ಬಿಟ್, ಗ್ಯಾಸ್, ಎಣ್ಣೆ 0.8. ಬಾಡಿಗೆ, ವಿದ್ಯುತ್, ಯಂತ್ರದ ಸವಕಳಿ 0.5. ಒಟ್ಟು 6.5. ಹತ್ತರಲ್ಲಿ ಒಂದು ಕೆಡುತ್ತದೆ ಎಂದುಕೊಂಡರೆ ಒಂಬತ್ತು ಚಾಕು ಆ ಹತ್ತರ ಭಾರ ಹೊರಬೇಕು: 6.5ನ್ನು 0.9ರಿಂದ ಭಾಗಿಸಿ, 7.22. ಅದರ ಮೇಲೆ ಶೇ. 15 ಲಾಭ ಸೇರಿದರೆ 8.3. ನೇರ ಮಾರಾಟಕ್ಕೆ ಇದು ನಿಮ್ಮ ಬೆಲೆ.

ಅಂಗಡಿ ಮಾರಾಟದ ಬೆಲೆಯಲ್ಲಿ ಶೇ. 30 ಇಟ್ಟುಕೊಳ್ಳುವುದಾದರೆ ಹಲವರು 8.3ಕ್ಕೆ ಶೇ. 30 ಸೇರಿಸಿ 10.8 ಎನ್ನುತ್ತಾರೆ. ಅಂಗಡಿಯ ಪಾಲು ಲೆಕ್ಕವಾಗುವುದು 10.8ರ ಮೇಲೆ, ಹಾಗಾಗಿ ನಿಮ್ಮ ಕೈಗೆ ಬರುವುದು 7.56 ಮಾತ್ರ, ಲಾಭದ ಮೂರನೇ ಎರಡು ಭಾಗ ಅಲ್ಲೇ ಹೋಯಿತು. 8.3ನ್ನು 0.7ರಿಂದ ಭಾಗಿಸಬೇಕು, ಆಗ ಬೆಲೆ 11.9 ಆಗುತ್ತದೆ. ಅಂಗಡಿಯಲ್ಲೂ ನೇರವಾಗಿಯೂ ಮಾರುವವರು ಎರಡೂ ಕಡೆ ಒಂದೇ ಬೆಲೆ ಇಡಬೇಕು. ನೀವೇ ಕಡಿಮೆಗೆ ಕೊಟ್ಟರೆ ಅಂಗಡಿಯವರು ನಿಮ್ಮ ಚಾಕು ಇಟ್ಟುಕೊಳ್ಳುವುದಾದರೂ ಏಕೆ?

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಕೆಲಸದ ಮೇಜಿನ ಮೇಲೆ ಒಂದು ಗಂಟೆ ಹೆಚ್ಚಾದರೆ ನೇರ ಮಾರಾಟದಲ್ಲಿ ಬೆಲೆ 1.28 ಏರುತ್ತದೆ, ಅಂಗಡಿಯಲ್ಲಿ 1.8. ಆ ಕೈಹೊಳಪಿನ ಒಂದೂವರೆ ಗಂಟೆ ಅಂಗಡಿಯ ಬೆಲೆಯಲ್ಲಿ 2.7 ಗಂಟೆಯ ಕೂಲಿಯಾಗಿ ಗಿರಾಕಿಯ ತಲೆಗೆ ಬೀಳುತ್ತದೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಗಡಿಯಾರ ಇಟ್ಟುಕೊಂಡು ಎರಡು ಕಂತು ಮಾಡಿದರೆ ನಿಜವಾದವು ಸಿಗುತ್ತವೆ.

ಪ್ರಶ್ನೆ: ಆಕಾರವನ್ನು ಲೇಸರ್‌ನಲ್ಲಿ ಕತ್ತರಿಸಿ ತಂದರೆ ಲಾಭವೇ?

ಉತ್ತರ: ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಕೇಳಿ ನೋಡುವುದು ಒಳ್ಳೆಯದು. ಆದರೆ ಕಾರ್ಬನ್ ಉಕ್ಕನ್ನು ಲೇಸರ್ ಕತ್ತರಿಸಿದ ಅಂಚು ಗಡಸಾಗಿರುತ್ತದೆ. ಲೇಸರ್ ಮಾಡಿದ ಸಣ್ಣ ತೂತನ್ನು ದೊಡ್ಡದು ಮಾಡಲು ಹೋದರೆ ಡ್ರಿಲ್ ಬಿಟ್‌ಗಳು ಮೊಂಡಾಗುತ್ತವೆ. ತೂತುಗಳ ಕೇಂದ್ರಕ್ಕೆ ಬರೀ ಗುರುತು ಹಾಕಿಸಿ, ತೂತು ನೀವೇ ಕೊರೆಯಿರಿ. ನೀರಿನ ರಭಸದಿಂದ ಕತ್ತರಿಸುವ ವಾಟರ್‌ಜೆಟ್‌ನಲ್ಲಿ ಈ ತೊಂದರೆ ಇಲ್ಲ.

ಪ್ರಶ್ನೆ: ಎಣ್ಣೆಯಲ್ಲಿ ಅದ್ದಿದ ತಕ್ಷಣ ಅಲಗು ಸೊಟ್ಟಗಾಗುತ್ತದೆ. ಹತ್ತರಲ್ಲಿ ಮೂರು ಹೀಗೆ ಹೋಗುತ್ತಿವೆ.

ಉತ್ತರ: ಮೊದಲು ಉಜ್ಜುವಿಕೆ ನೋಡಿ. ಒಂದು ಬದಿ ಹೆಚ್ಚು ತೆಳುವಾಗಿದ್ದರೆ ಎರಡು ಬದಿ ಬೇರೆ ಬೇರೆ ವೇಗದಲ್ಲಿ ತಣಿಯುತ್ತವೆ. ಹದಕ್ಕೆ ಮೊದಲು ಬಾಯಿಯಲ್ಲಿ 0.7 ಮಿ.ಮೀ. ದಪ್ಪ ಬಿಡಿ, ನಡುಗೆರೆ ಎಳೆದುಕೊಂಡು ಎರಡೂ ಬದಿ ಸಮವಾಗಿ ಉಜ್ಜಿ. ಅದ್ದುವಾಗ ಮೊನೆ ಕೆಳಗಾಗಿ ನೇರ ಇಳಿಸಿ. ಅಲುಗಿಸುವುದಿದ್ದರೆ ಬಾಯಿ–ಬೆನ್ನಿನ ದಿಕ್ಕಿನಲ್ಲಿ ಅಥವಾ ಮೇಲೆ ಕೆಳಗೆ ಮಾತ್ರ, ಪಕ್ಕಕ್ಕೆ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ಲೋಹದ ಮುಚ್ಚಳ ಕೈಗೆ ಸಿಗುವಂತಿರಲಿ.

ಎಣ್ಣೆಯಿಂದ ತೆಗೆದ ಅಲಗು ಇನ್ನೂ ಹೊಗೆಯಾಡುತ್ತಿರುವಾಗ ದಪ್ಪ ಕೈಗವಸು ಹಾಕಿಕೊಂಡು ನೇರ ಮಾಡಬಹುದು, ಆದರೆ ಕೆಲವೇ ಕ್ಷಣ. ಅದು ತಪ್ಪಿದರೆ ಮೊದಲ ಟೆಂಪರ್ ಮುಗಿಯಲಿ. ಎರಡನೆಯದಕ್ಕೆ ಅಲಗನ್ನು ಕಬ್ಬಿಣದ ಆ್ಯಂಗಲ್‌ಗೆ ಕ್ಲ್ಯಾಂಪ್ ಮಾಡಿ, ನಡುವೆ ತಗಡಿನ ತುಂಡಿಟ್ಟು, ಸೊಟ್ಟಕ್ಕೆ ವಿರುದ್ಧವಾಗಿ ಅದರ ಎರಡರಷ್ಟು ಬಾಗಿಸಿ ಒಲೆಯಲ್ಲಿಡಿ. ಟೆಂಪರ್ ಆಗದ ಅಲಗನ್ನು ಸುತ್ತಿಗೆಯಿಂದ ಬಡಿದರೆ ಗಾಜಿನಂತೆ ಒಡೆಯುತ್ತದೆ.

ಪ್ರಶ್ನೆ: ಕೆಲವು ವಾರಗಳಲ್ಲಿ ಹಿಡಿಯ ಪಟ್ಟೆಗೂ ಉಕ್ಕಿಗೂ ನಡುವೆ ಸಂದು ಕಾಣುತ್ತದೆ.

ಉತ್ತರ: ಎರಡು ಕಾರಣ ಇರಬಹುದು. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಒಳಗೆ ಏನೂ ಉಳಿಯುವುದಿಲ್ಲ. ಅಂಟು ಅಂಚಿನಲ್ಲಿ ತೆಳ್ಳಗೆ ಕಾಣಿಸಿಕೊಂಡರೆ ಸಾಕು, ಅಲ್ಲಿಗೆ ನಿಲ್ಲಿಸಿ. ಒಳಮೈಯನ್ನು 80ರ ಮರಳುಕಾಗದದಿಂದ ಒರಟು ಮಾಡಿ, ಅಸಿಟೋನಿನಿಂದ ಒರೆಸಿ, ಐದು ನಿಮಿಷದ ಎಪಾಕ್ಸಿ ಬಿಟ್ಟು 24 ಗಂಟೆ ಹಿಡಿಯುವ ಎಪಾಕ್ಸಿ ಬಳಸಿ. ಎರಡನೆಯದು ಮರದ ಪಸೆ. ವಾರಕ್ಕೊಮ್ಮೆ ಪಟ್ಟೆಗಳನ್ನು ತೂಗಿ ನೋಡಿ, ತೂಕ ಇಳಿಯುವುದು ನಿಂತ ಮೇಲೆ ಕೂರಿಸಿ. ಮೈಕಾರ್ಟಾ (ಬಟ್ಟೆ ಅಥವಾ ಕಾಗದವನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ) ಹಾಕಿದರೆ ಈ ಕಾಯುವಿಕೆ ಇಲ್ಲ, ಎಣ್ಣೆ ಹಚ್ಚುವ ಕೆಲಸವೂ ತಪ್ಪುತ್ತದೆ. ಕಡಿಮೆ ಬೆಲೆಯ ಮಾದರಿಗೆ ನಮ್ಮ ಆಯ್ಕೆ ಅದೇ.

ಪ್ರಶ್ನೆ: ಹದ ಸರಿಯಾಗಿದೆ, ಅರ ಜಾರುತ್ತಿತ್ತು. ಆದರೂ ಕೊಂಡವರು ಬಾಯಿ ಬೇಗ ಮೊಂಡಾಗುತ್ತದೆ ಎನ್ನುತ್ತಾರೆ.

ಉತ್ತರ: ಹದದ ನಂತರ ಉಜ್ಜುವಾಗ ಬಾಯಿ ಸುಟ್ಟಿರಬೇಕು. ತೆಳುವಾದ ಅಂಚು ಕ್ಷಣದಲ್ಲಿ 200 ಡಿಗ್ರಿ ದಾಟುತ್ತದೆ. ನೀಲಿ ಬಣ್ಣ ಬಂದಿದ್ದರೆ ಸುಮಾರು 300 ತಲುಪಿತ್ತೆಂದು ಅರ್ಥ. ಆ ನೀಲಿಯನ್ನು ತಿಕ್ಕಿ ತೆಗೆದರೂ ಒಳಗಿನ ಮೆತುವು ಹೋಗುವುದಿಲ್ಲ. ಬೆಲ್ಟ್ ಉಳಿಸಲು ಹೋಗಿ ಸವೆದದ್ದನ್ನೇ ಒತ್ತಿ ಉಜ್ಜುವವರಿಗೆ ಇದು ಹೆಚ್ಚು. ಹೊಸ ಬೆಲ್ಟ್ ಹಾಕಿ, ಗವಸಿಲ್ಲದ ಬೆರಳಿನಲ್ಲಿ ಅಲಗು ಹಿಡಿಯಿರಿ, ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದಿ.

ಎರಡು ಮೂರು ಸಲ ಸಾಣೆ ಹಿಡಿದ ಮೇಲೆ ಬಾಯಿ ತಾನಾಗಿ ಸುಧಾರಿಸಿದರೆ ಕಾರಣ ಬೇರೆ: ಕುಲುಮೆಯಲ್ಲಿ ಹೊರಪದರದ ಕಾರ್ಬನ್ ಸುಟ್ಟುಹೋಗಿತ್ತು, ಹದಕ್ಕೆ ಮೊದಲು ಬಾಯಿಯನ್ನು ತೀರ ತೆಳು ಮಾಡಿದ್ದಿರಿ. ಕಳಿಸುವ ಮೊದಲು ಪ್ರತಿ ಚಾಕುವನ್ನೂ ಹಿತ್ತಾಳೆ ಸರಳಿನ ಮೇಲೆ ಪರೀಕ್ಷಿಸಿ. 6 ಮಿ.ಮೀ. ದಪ್ಪದ ಸರಳಿನ ಮೇಲೆ ಬಾಯಿಯನ್ನು ಸುಮಾರು 15 ಡಿಗ್ರಿ ಓರೆಯಾಗಿಟ್ಟು ಒತ್ತುತ್ತ ಎಳೆಯಿರಿ. ಅಂಚು ಬಾಗಿ ಮತ್ತೆ ನೇರವಾದರೆ ಸರಿ. ಬಾಗಿದ್ದು ಹಾಗೇ ನಿಂತರೆ ಮೆತ್ತಗಿದೆ, ಮತ್ತೆ ಹದ ಹಾಕಬೇಕು. ಚಕ್ಕೆ ಎದ್ದರೆ ಟೆಂಪರ್ ಬಿಸಿಯನ್ನು 10 ಡಿಗ್ರಿ ಏರಿಸಿ ಇನ್ನೊಂದು ಸುತ್ತು ಕೊಟ್ಟು, ಬಾಯಿಯನ್ನು ಹೊಸದಾಗಿ ತೆಗೆಯಿರಿ.