ಬಟರ್‌ವರ್ತ್‌ನಿಂದ ಜಾರ್ಜ್ ಟೌನ್‌ಗೆ: ಅಮ್ಮನನ್ನು ಫೆರ್ರಿಯಲ್ಲೇ ಕರ್ಕೊಂಡು ಹೋಗಿ

ಮೇಡಂ, ನಿಮ್ಮ ಪ್ರಶ್ನೆ ಈಗ ನೋಡಿದೆ. ಮಲೇಷ್ಯಾದ ಕೌಲಾಲಂಪುರದಿಂದ ರೈಲಲ್ಲಿ ಬಟರ್‌ವರ್ತ್‌ಗೆ ಬರ್ತೀರಿ, ಅಲ್ಲಿಂದ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ಗೆ ದಾಟಬೇಕು. ಜೊತೆಗೆ ಅಪ್ಪ, ಮಂಡಿ ನೋವಿರುವ ಅಮ್ಮ, ಆರು ವರ್ಷದ ಮಗ, ನಾಲ್ಕು ಸೂಟ್‌ಕೇಸ್. ಅಮ್ಮನಿಗೆ ನೀರು ಅಂದ್ರೆ ಭಯ. ನಿಮ್ಮ ಪ್ರಶ್ನೆಗೆ ಈಗಾಗಲೇ ಇಬ್ಬರು "ಸುಮ್ನೆ ಟ್ಯಾಕ್ಸಿ ಮಾಡಿ ಸೇತುವೆ ಮೇಲೆ ಹೋಗಿಬಿಡಿ" ಅಂದಿದ್ದಾರೆ. ನಾನು ಅದಕ್ಕೆ ಒಪ್ಪಲ್ಲ. 2019ರಿಂದ 2024ರವರೆಗೆ ಬಟರ್‌ವರ್ತ್ ಕಡೆಯೇ ಮನೆ ಮಾಡಿಕೊಂಡು ಇದ್ದೆ, ಹೆಚ್ಚು ಕಡಿಮೆ ಪ್ರತಿ ಶನಿವಾರ ದಾಟುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲು ಸೇತುವೆ ವಿಷಯ. ಪೆನಾಂಗ್ ಸೇತುವೆ 13.5 ಕಿಲೋಮೀಟರ್ ಉದ್ದ, 1985ರಲ್ಲಿ ಶುರುವಾದದ್ದು. ಒಳ್ಳೆಯ ಸೇತುವೆ, ಅದರ ಮೇಲೆ ಹೋಗೋದೂ ಚೆನ್ನಾಗಿಯೇ ಇರುತ್ತೆ. ಆದರೆ ನಕ್ಷೆ ತೆಗೆದು ನೋಡಿ. ನಿಮ್ಮ ರೈಲು ನಿಲ್ಲೋದು ಬಟರ್‌ವರ್ತ್‌ನಲ್ಲಿ, ಜಾರ್ಜ್ ಟೌನ್ ಅದರ ಎದುರಿಗೇ ಇದೆ, ನಡುವೆ ಮೂರು ಕಿಲೋಮೀಟರ್ ನೀರು ಅಷ್ಟೆ. ಸೇತುವೆ ಇರೋದು ದಕ್ಷಿಣಕ್ಕೆ, ಪೆರಾಯ್ ಕಡೆ. ಟ್ಯಾಕ್ಸಿ ಮೊದಲು ಕೆಳಗೆ ಹೋಗಬೇಕು, ಸೇತುವೆ ದಾಟಿ ಗೆಲುಗೋರ್ ಹತ್ತಿರ ಇಳಿಯಬೇಕು, ಆಮೇಲೆ ಮತ್ತೆ ಉತ್ತರಕ್ಕೆ ಊರೊಳಗಿನ ಟ್ರಾಫಿಕ್ಕಲ್ಲಿ ತೆವಳಬೇಕು. ಕುದುರೆ ಲಾಳದ ಹಾಗೆ ಪೂರ್ತಿ ಸುತ್ತು. ಜೊತೆಗೆ ದ್ವೀಪದ ಕಡೆ ಹೋಗುವಾಗ ಕಾರಿಗೆ 5.74 ರಿಂಗಿಟ್ (ಮಲೇಷ್ಯಾದ ಹಣ) ಟೋಲ್. ಫ್ಯಾಕ್ಟರಿ ಬಿಡುವ ಹೊತ್ತಿಗೆ ಸಿಕ್ಕಿಕೊಂಡರೆ ಆ ಸೇತುವೆ ಮೇಲೆ ಎಷ್ಟು ಹೊತ್ತು ಕೂತಿರ್ತೀರಿ ಅಂತ ಹೇಳೋಕಾಗಲ್ಲ. ಅಮ್ಮನ ಮಂಡಿಗೆ ಕಾರಲ್ಲಿ ಮಡಚಿಕೊಂಡು ಕೂರೋದೇ ಜಾಸ್ತಿ ತ್ರಾಸು, ಅಲ್ವಾ?

ಫೆರ್ರಿಯಲ್ಲಿ ನೀರ ಮೇಲಿರೋದು ಹತ್ತು ಹದಿನೈದು ನಿಮಿಷ. ದೊಡ್ಡವರಿಗೆ 2 ರಿಂಗಿಟ್, ಮಕ್ಕಳಿಗೆ 1. ಇಳಿದರೆ ಹಳೇ ಊರಿನ ಬಾಗಿಲಲ್ಲೇ ಇಳಿದ ಹಾಗೆ.

ಈಗ ನೀರಿನ ಭಯದ ಮಾತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. 2023ರ ಡಿಸೆಂಬರ್‌ನಲ್ಲಿ ನಮ್ಮಮ್ಮ ಬಂದಿದ್ದರು. ನಮ್ಮದು ಸಾಗರದ ಕಡೆ. ಅಮ್ಮನಿಗೆ ದೋಣಿ ಅಂದ್ರೆ ಸಿಗಂದೂರಿನ ಲಾಂಚ್, ಬಸ್ಸು ಜೀಪು ಜನ ಎಲ್ಲ ಒಟ್ಟಿಗೇ ಹತ್ತಿಸಿಕೊಂಡು ಹಿನ್ನೀರು ದಾಟಿಸ್ತಿತ್ತಲ್ಲ, ಅದು. (ಅಲ್ಲೂ 2025ರ ಜುಲೈಯಲ್ಲಿ ಸೇತುವೆ ಆಯ್ತು.) ಇಲ್ಲಿ ಗೇಟು ದಾಟಿ ಕೆಳಗಿಳಿಯುವ ಹಲಗೆ ಹತ್ತಿರ ನಿಂತು "ಬಸ್ಸು ಎಲ್ಲಿಂದ ಹತ್ತುತ್ತೆ?" ಅಂತ ಕೇಳಿದರು. ಹತ್ತಲ್ಲ ಅಮ್ಮಾ, ಈಗ ಜನ, ಬೈಕು, ಸೈಕಲ್ ಮಾತ್ರ ಅಂದೆ. ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡು ಒಳಗೆ ಬಂದರು. ಎಸಿ ಇದೆ, ಸಾಲಾಗಿ ಕುರ್ಚಿ ಇದೆ, ಕಿಟಕಿಗೆ ಗಾಜಿದೆ. ಕೂತರು, ಸೆರಗು ಸುತ್ತಿಕೊಂಡರು, ಕಣ್ಣು ಮುಚ್ಚಿಕೊಂಡರು. ದೋಣಿ ಹೊರಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬಟರ್‌ವರ್ತ್ ಆಗಲೇ ಹಿಂದೆ ಉಳಿದಿತ್ತು. ಐದು ನಿಮಿಷ ಆದ ಮೇಲೆ "ಮೇಲೆ ಹೋಗಬಹುದಾ?" ಅಂತ ಅವರೇ ಕೇಳಿದರು.

ಯಾಕೆ ಅಲುಗಾಡಲ್ಲ ಅಂದ್ರೆ ಇದು ತೆರೆದ ಸಮುದ್ರ ಅಲ್ಲ. ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಕಿರಿದಾದ ಕಾಲುವೆ ಥರದ ಜಾಗ. ಅದರಾಚೆಗೂ ಸುಮಾತ್ರಾ ದ್ವೀಪ ಅಡ್ಡ ಇರೋದರಿಂದ ದೊಡ್ಡ ಅಲೆ ಇಲ್ಲಿಗೆ ಬರೋದೇ ಕಡಿಮೆ. ಈಗಿನ ದೋಣಿಗಳು ಎರಡು ಒಡಲಿನ ಕ್ಯಾಟಮರಾನ್ ಬಗೆಯವು, ಅಗಲವಾಗಿವೆ, ಒಂದರಲ್ಲಿ 250 ಜನ, 50 ಬೈಕ್ ಹಿಡಿಯುತ್ತವೆ. ವಾಂತಿ ಮಾತ್ರೆಯ ಅಗತ್ಯ ಬೀಳಲ್ಲ. ಅಮ್ಮನಿಗೆ ಧೈರ್ಯಕ್ಕೆ ಬೇಕು ಅಂದರೆ ಒಂದು ನಿಂಬೆಹಣ್ಣು ಕೈಯಲ್ಲಿ ಕೊಡಿ, ಸಾಕು.

ದಯವಿಟ್ಟು ಹಳೇ ವಿಡಿಯೋ ನೋಡಿಕೊಂಡು ಪ್ಲಾನ್ ಮಾಡಬೇಡಿ. ಇಲ್ಲಿ ತುಂಬ ಜನ ತಪ್ಪೋದು ಅಲ್ಲೇ. ಕಾರುಗಳನ್ನೂ ಹೊತ್ತೊಯ್ಯುತ್ತಿದ್ದ ಎರಡಂತಸ್ತಿನ ದೊಡ್ಡ ಬಣ್ಣದ ಫೆರ್ರಿಗಳು 2020ರ ಡಿಸೆಂಬರ್ 31ಕ್ಕೆ ಜನರನ್ನು ಸಾಗಿಸೋದು ನಿಲ್ಲಿಸಿದವು. ಕೊನೆಯ ದಿನಗಳಲ್ಲಿ ಊರಿಗೆ ಊರೇ ಫೋಟೋ ತೆಗೆಸಿಕೊಳ್ಳೋಕೆ ಬಂದಿತ್ತು, ನಾನೂ ಹೋಗಿದ್ದೆ. ಅವುಗಳಲ್ಲಿ 1.20 ರಿಂಗಿಟ್ ಕೊಟ್ಟು ದ್ವೀಪಕ್ಕೆ ಹೋದರೆ ವಾಪಸ್ಸು ಬರೋದಕ್ಕೆ ದುಡ್ಡೇ ಇರಲಿಲ್ಲ. ಅದರ ನಂತರ ಸುಮಾರು ಎರಡೂವರೆ ವರ್ಷ ಚಿಕ್ಕ ಸ್ಪೀಡ್ ಬೋಟ್ ಓಡಿಸಿದರು, ಅವು ಸ್ವೆಟೆನ್‌ಹ್ಯಾಮ್ ಪಿಯರ್ ಅನ್ನೋ ಬೇರೆ ಕಟ್ಟೆಗೆ ಹೋಗುತ್ತಿದ್ದವು. ಈಗಿನ ಹೊಸ ಫೆರ್ರಿ ಶುರುವಾಗಿದ್ದು 2023ರ ಆಗಸ್ಟ್ 7ಕ್ಕೆ, ಮತ್ತೆ ಹಳೆಯ ಜಾಗಕ್ಕೇ, ಅಂದರೆ ವೆಲ್ಡ್ ಕ್ವೇಯಲ್ಲಿರುವ ರಾಜಾ ತುನ್ ಉದಾ ಟರ್ಮಿನಲ್‌ಗೆ ಬರುತ್ತವೆ. ಹಾಗಾಗಿ ಸ್ವೆಟೆನ್‌ಹ್ಯಾಮ್ ಅಂತ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಹೋಟೆಲ್‌ಗೆ ದಾರಿ ನೋಡುವಾಗ ವೆಲ್ಡ್ ಕ್ವೇ, ಅವರ ಮಾತಲ್ಲಿ ಪೆಂಗ್‌ಕಾಲಾನ್ ವೆಲ್ಡ್, ಅಲ್ಲಿಂದ ಲೆಕ್ಕ ಹಾಕಿ.

ದುಡ್ಡಿನ ವಿಷಯ ಗಮನ ಇಟ್ಟು ಓದಿ. ಗೇಟಲ್ಲಿ ನಗದು ತಗೊಳ್ಳಲ್ಲ. ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಟಚ್ ಎನ್ ಗೋ ಕಾರ್ಡ್ ಅಥವಾ ತಾಗಿಸಿ ಹಣ ಕೊಡುವಂಥ ಡೆಬಿಟ್, ಕ್ರೆಡಿಟ್ ಕಾರ್ಡ್ ಬೇಕು. ನಮ್ಮ ಅಪ್ಪನ ಕೈಗೆ ನನ್ನ ಭಾರತದ ಕಾರ್ಡ್ ಕೊಟ್ಟು ಮುಂದೆ ಹೋಗಿ ಅಂದೆ, ಅದು ಕೆಂಪು ದೀಪ ತೋರಿಸಿತು, ಹಿಂದೆ ಸಾಲು ಬೆಳೀತಾ ಹೋಯ್ತು. ಕಾರಣ ಚಿಕ್ಕದು: ಬ್ಯಾಂಕಿನ ಆ್ಯಪಲ್ಲಿ ವಿದೇಶದ ಬಳಕೆ ಅನ್ನೋದನ್ನೂ, ಕಾಂಟ್ಯಾಕ್ಟ್‌ಲೆಸ್ ಅನ್ನೋದನ್ನೂ ನಾನು ಆನ್ ಮಾಡಿರಲಿಲ್ಲ. ನಮ್ಮ ಬ್ಯಾಂಕುಗಳ ಕಾರ್ಡಲ್ಲಿ ಈ ಎರಡನ್ನೂ ನಾವೇ ಆನ್ ಮಾಡ್ಕೋಬೇಕು. ಬೆಂಗಳೂರು ಬಿಡುವ ಮುಂಚೆ ಮನೆಯಲ್ಲೇ ಕೂತು ಮಾಡಿ, ಅಲ್ಲಿ ಹೋದ ಮೇಲೆ ಒಟಿಪಿ ಬರದೆ ಒದ್ದಾಡ್ತೀರಿ. ರುಪೇ ಒಂದನ್ನೇ ನಂಬಿಕೊಂಡು ಹೋಗಬೇಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಒಂದು ಇರಲಿ. ನಿಮಗೆ ನನ್ನ ಸಲಹೆ, ಕೌಲಾಲಂಪುರದಲ್ಲೇ ಟಚ್ ಎನ್ ಗೋ ಕಾರ್ಡ್ ತಗೊಂಡು ದುಡ್ಡು ತುಂಬಿಸಿಕೊಳ್ಳಿ. ಅಲ್ಲಿನ ಮೆಟ್ರೋಗೂ ಆಗುತ್ತೆ. ಎಲ್ಲರದ್ದನ್ನೂ ಒಂದೇ ಕಾರ್ಡಲ್ಲಿ ಕೊಡಬೇಕಿದ್ದರೆ ಗೇಟಿಗೆ ನುಗ್ಗುವ ಮುಂಚೆ ಪಕ್ಕದ ಸಿಬ್ಬಂದಿಗೆ ಹೇಳಿ, ವಯಸ್ಸಾದವರು ಇದ್ದಾರೆ ಅಂದರೆ ತಾಳ್ಮೆಯಿಂದ ಸಹಾಯ ಮಾಡ್ತಾರೆ.

ಈಗ ರೈಲಿಂದ ಇಳಿದ ಮೇಲೆ. ಬಟರ್‌ವರ್ತ್ ಸ್ಟೇಷನ್ ಪಕ್ಕದಲ್ಲೇ ಪೆನಾಂಗ್ ಸೆಂಟ್ರಲ್ ಅನ್ನೋ ದೊಡ್ಡ ಬಸ್ ನಿಲ್ದಾಣ ಇದೆ. ಅದರೊಳಗೆ ಹಾದು, ಸೂರು ಇರುವ ದಾರಿಯಲ್ಲಿ ನಡೆದರೆ ಫೆರ್ರಿ ಟರ್ಮಿನಲ್. ಮಳೆ ಬಂದರೂ ನೆನೆಯಲ್ಲ. ಆದರೆ ಬ್ಯಾಗ್ ಎಳ್ಕೊಂಡು, ಅಮ್ಮನ ನಡಿಗೆಯಲ್ಲಿ ಹತ್ತು ಹದಿನೈದು ನಿಮಿಷ ಅಂತ ಇಟ್ಕೊಳ್ಳಿ. ನಮ್ಮ ಸ್ಟೇಷನ್ನುಗಳ ಹಾಗೆ ಕೂಲಿಯವರು ಸಿಗಲ್ಲ. ನಿಜ ಹೇಳಬೇಕು ಅಂದರೆ ನಿಮಗಿರುವ ಒಂದೇ ಕಷ್ಟ ಈ ನಡಿಗೆ. ನಾಲ್ಕು ಸೂಟ್‌ಕೇಸನ್ನು ಎರಡಕ್ಕೆ ಇಳಿಸೋಕಾದರೆ ಇಳಿಸಿ. ಲಿಫ್ಟ್, ಎಸ್ಕಲೇಟರ್ ಎಲ್ಲಿದೆ ನೋಡಿಕೊಂಡು ಅಮ್ಮನನ್ನು ಅಲ್ಲೇ ಕರ್ಕೊಂಡು ಹೋಗಿ, ಮೆಟ್ಟಿಲು ಬೇಡ. ಶೌಚಾಲಯ ಪೆನಾಂಗ್ ಸೆಂಟ್ರಲ್‌ನಲ್ಲೇ ಮುಗಿಸಿಕೊಳ್ಳಿ. ಬೋರ್ಡುಗಳಲ್ಲಿ ಮಲಯ ಜಾಸ್ತಿ. ಮಾಸುಕ್ ಅಂದರೆ ಒಳಗೆ, ಕೆಲುವಾರ್ ಅಂದರೆ ಹೊರಗೆ, ತಂದಾಸ್ ಅಂದರೆ ಶೌಚಾಲಯ. ಯಾರನ್ನಾದರೂ "ಫೆರಿ?" ಅಂತ ಕೇಳಿದರೆ ಸಾಕು, ಕೈ ತೋರಿಸ್ತಾರೆ. ತಮಿಳು ಬರುತ್ತಾ ನಿಮಗೆ? ಬಂದರೆ ಪೆನಾಂಗ್‌ನಲ್ಲಿ ಅರ್ಧ ಚಿಂತೆ ಬಿಟ್ಟಹಾಗೆ.

ದೋಣಿಗೆ ಇಳಿಯುವ ಹಲಗೆ ದಾರಿ ಇಳಿಜಾರಾಗಿರುತ್ತೆ. ಸಮುದ್ರ ತುಂಬಿದ್ದಾಗ ಹೆಚ್ಚು ಕಡಿಮೆ ಸಮ ಇರುತ್ತೆ, ನೀರು ಇಳಿದ ಹೊತ್ತಲ್ಲಿ ಇಳಿಜಾರು ಜಾಸ್ತಿ. ಅಮ್ಮ ಕಂಬಿ ಹಿಡ್ಕೊಂಡು ಒಂದು ಪಕ್ಕದಲ್ಲಿ ನಿಧಾನಕ್ಕೆ ಇಳೀಲಿ, ಬ್ಯಾಗ್ ನೀವು ತಗೊಳ್ಳಿ. ಗೇಟು ತೆರೆದ ತಕ್ಷಣ ಜನ ಬಿರುಸಾಗಿ ನಡೀತಾರೆ, ನೀವು ಕೊನೆಗೆ ಹೋಗಿ, ಜಾಗ ಸಿಗುತ್ತೆ. ಗೇಟಿನಲ್ಲಿ ತಡೆದು ನಿಲ್ಲಿಸಿದರೆ ಬೇಜಾರು ಮಾಡ್ಕೋಬೇಡಿ. 1988ರ ಜುಲೈ 31ಕ್ಕೆ ಇದೇ ಬಟರ್‌ವರ್ತ್ ಟರ್ಮಿನಲ್‌ನಲ್ಲಿ ಹಬ್ಬದ ಜನ ಕಿಕ್ಕಿರಿದು ತುಂಬಿದ್ದಾಗ ಮೇಲಿನ ಅಂತಸ್ತು ಕುಸಿದು 32 ಜನ ಸತ್ತರು. ಅಲ್ಲಿನ ಹಳಬರು ಇವತ್ತಿಗೂ ಆ ದಿನದ ಮಾತಾಡ್ತಾರೆ. ನನ್ನ ಮನೆ ಓನರ್ ಅಜ್ಜಿಯಂತೂ ಜನ ಜಾಸ್ತಿ ಕಂಡರೆ ಮುಂದಿನ ದೋಣಿಗೆ ಕಾಯುತ್ತಿದ್ದರು. ನಾನೂ ಅದನ್ನೇ ರೂಢಿ ಮಾಡಿಕೊಂಡೆ.

ಕಾಯೋದೂ ಏನು ಮಹಾ ಅಲ್ಲ. ಹಗಲಲ್ಲಿ ಇಪ್ಪತ್ತು ಮೂವತ್ತು ನಿಮಿಷಕ್ಕೊಂದು ಇರುತ್ತೆ. ಬೆಳಿಗ್ಗೆ ಆರೂವರೆ ಸುಮಾರಿಗೆ ಶುರು, ರಾತ್ರಿ ಹನ್ನೊಂದರ ಆಸುಪಾಸು ಕೊನೆ. ಕೊನೆಯದನ್ನೇ ನೆಚ್ಚಿಕೊಂಡು ಪ್ಲಾನ್ ಮಾಡಬೇಡಿ. ನಿಮ್ಮ ರೈಲು ರಾತ್ರಿ ಹತ್ತರ ಮೇಲೆ ಬರೋದಾದರೆ ಆಗ ಟ್ಯಾಕ್ಸಿಯೇ ಸರಿ. ಹಾಗೇ ನಿಮ್ಮ ಹೋಟೆಲ್ ಜಾರ್ಜ್ ಟೌನ್‌ನಲ್ಲಿ ಇರದೆ ವಿಮಾನ ನಿಲ್ದಾಣದ ಕಡೆ, ಬಯಾನ್ ಲೆಪಾಸ್‌ನಲ್ಲಿ ಇದ್ದರೂ ಟ್ಯಾಕ್ಸಿ ಸರಿ, ಸೇತುವೆಯಿಂದ ಅದು ಹತ್ತಿರ. ಬಾತು ಫೆರಿಂಗಿ ಬೀಚ್ ಹತ್ತಿರ ಆದರೆ ಫೆರ್ರಿ ದಾಟಿ, ಆಚೆ ಕಡೆ ಟ್ಯಾಕ್ಸಿ ಮಾಡಿ.

ಆಗೋದಾದರೆ ಬೆಳಗಿನ ರೈಲು ಹಿಡಿದು ಮಧ್ಯಾಹ್ನದ ಒಳಗೆ ದಾಟಿ. ಕೌಲಾಲಂಪುರದಿಂದ ಇಟಿಎಸ್ ರೈಲಿಗೆ ಸುಮಾರು ನಾಲ್ಕೂಕಾಲು ಗಂಟೆ. ಶನಿವಾರ, ಭಾನುವಾರ, ಹಬ್ಬದ ಸೀಟು ಬೇಗ ಖಾಲಿ ಆಗುತ್ತೆ, ಮೊದಲೇ ಬುಕ್ ಮಾಡಿ. ಯಾಕೆ ಬೆಳಗಿನದು ಅಂದ್ರೆ ನೀವು ಹೋಗೋದು ಪಶ್ಚಿಮಕ್ಕೆ. ಸಂಜೆ ಆದರೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತೆ, ಊರು ಕಪ್ಪಗೆ ನೆರಳಾಗಿ ಕಾಣುತ್ತೆ. ಬೆಳಿಗ್ಗೆ ಬಿಸಿಲು ನಿಮ್ಮ ಬೆನ್ನಿಗಿದ್ದು ಜಾರ್ಜ್ ಟೌನ್ ಮೇಲೆ ಬಿದ್ದಿರುತ್ತೆ. ಮೇಲಿನ ತೆರೆದ ಅಟ್ಟಕ್ಕೆ ಮಗನನ್ನು ಕರ್ಕೊಂಡು ಹೋಗಿ. ಎಡಕ್ಕೆ ದೂರದಲ್ಲಿ ಸೇತುವೆ ದಾರದ ಹಾಗೆ ಕಾಣುತ್ತೆ. ಮುಂದೆ 833 ಮೀಟರ್ ಎತ್ತರದ ಪೆನಾಂಗ್ ಬೆಟ್ಟ, ಅದರ ಮುಂದೆ ಕೊಮ್ತಾರ್ ಗೋಪುರ. ದಡ ಹತ್ತಿರ ಬಂದಾಗ ಎಡಗಡೆ ನೋಡಿ, ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಚೀನೀ ಕುಲದವರ ಮನೆಗಳ ಸಾಲು. ತಗಡಿನ ಮಾಡು, ಕಂಬದ ಬುಡದಲ್ಲಿ ಅಂಟಿಕೊಂಡ ಕಪ್ಪೆಚಿಪ್ಪು, ಹಿತ್ತಿಲಲ್ಲಿ ಒಣಗಲು ಹಾಕಿದ ಬಟ್ಟೆ. ಒಂದೊಂದು ಜೆಟ್ಟಿ ಒಂದೊಂದು ಕುಲದ್ದು, ದೊಡ್ಡದು ಚ್ಯೂ ಜೆಟ್ಟಿ. ಅಲ್ಲಿ ಇನ್ನೂ ಜನ ಸಂಸಾರ ಮಾಡ್ತಿದ್ದಾರೆ. ಟರ್ಮಿನಲ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಇನ್ನೊಂದು ದಿನ ತಣ್ಣಗಿರುವಾಗ ಹೋಗಿ, ಮನೆ ಬಾಗಿಲಲ್ಲಿ ನಿಂತು ಫೋಟೋ ತೆಗೀಬೇಡಿ.

ಇಳಿದ ಮೇಲೆ ಎದುರಿಗೇ ರಾಪಿಡ್ ಪೆನಾಂಗ್ ಬಸ್ ನಿಲ್ದಾಣ. ಊರೊಳಗೆ ಸುತ್ತುವ ಉಚಿತ ಕ್ಯಾಟ್ ಬಸ್ಸೂ ಇಲ್ಲಿಂದ ಸಿಗುತ್ತೆ. ಬ್ಯಾಗ್ ಇರುವ ದಿನ ಮಾತ್ರ ಟ್ಯಾಕ್ಸಿ ಮಾಡಿ, ಹತ್ತಿರವೇ ಆದ್ದರಿಂದ ಜಾಸ್ತಿ ಆಗಲ್ಲ. ಲಿಟಲ್ ಇಂಡಿಯಾ ಅಂತೂ ಹತ್ತು ನಿಮಿಷ ನಡೆದರೆ ಬಂತು. ಕ್ವೀನ್ ಸ್ಟ್ರೀಟಲ್ಲಿ 1833ರ ಮಹಾಮಾರಿಯಮ್ಮನ ಗುಡಿ ಇದೆ. ಸುತ್ತಮುತ್ತ ಇಡ್ಲಿ ದೋಸೆ ಸಿಗುವ ಸಸ್ಯಾಹಾರಿ ಹೋಟೆಲ್ ಇವೆ. ನಮ್ಮಮ್ಮ ದೋಣಿ ಇಳಿದು ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಕಂಡ ಮೇಲೆ ಮಂಡಿ ನೋವಿನ ಮಾತೇ ಎತ್ತಲಿಲ್ಲ.

ಇನ್ನೆರಡು ಚಿಕ್ಕ ವಿಷಯ. ಫೆರ್ರಿಗೆ ಪಾಸ್‌ಪೋರ್ಟ್ ಕೇಳಲ್ಲ, ಎರಡೂ ಕಡೆ ಒಂದೇ ರಾಜ್ಯ. ಮಲೇಷ್ಯಾಗೆ ಭಾರತೀಯರಿಗೆ 2026ರ ಕೊನೆಯವರೆಗೆ 30 ದಿನಕ್ಕೆ ವೀಸಾ ಬೇಡ, ಆದರೆ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಮಗನಿಗೂ ಬೇರೆಯೇ ತುಂಬಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ಮಧ್ಯಾಹ್ನದ ಮೇಲೆ ಜೋರು ಮಳೆ ಇರುತ್ತೆ, ಕೊಡೆ ಸೂಟ್‌ಕೇಸ್ ಒಳಗೆ ಹಾಕಬೇಡಿ, ಕೈಗೆ ಸಿಗುವ ಹಾಗಿರಲಿ.

ವಾಪಸ್ಸು ಬರುವ ದಿನ ರೈಲಿನ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ವೆಲ್ಡ್ ಕ್ವೇಯಲ್ಲಿ ಇರಿ. ಒಂದು ದೋಣಿ ಕೈತಪ್ಪಿದರೂ ಅಮ್ಮ ಓಡಬೇಕಾಗಿ ಬರಲ್ಲ.