ಮೆಲ್ಬರ್ನ್‌ನಲ್ಲಿ ಮೊಲ ತಲೆಕೆಳಗಾಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ದವನದ ಹುಣ್ಣಿಮೆಯ ನಡುರಾತ್ರಿ ಅಲ್ಲಿಂದ ಚಂದ್ರನ ಫೋಟೋ ಕಳಿಸಿದ್ದ. ಆವತ್ತು ನಾನೂ ನಮ್ಮ ತಾರಸಿಯಿಂದ ಹನ್ನೆರಡು ಗಂಟೆಗೆ ಒಂದು ಫೋಟೋ ತೆಗೆದೆ. ಪಕ್ಕಪಕ್ಕ ಇಟ್ಟು ನೋಡಿದರೆ ಅವನ ಚಂದ್ರನಲ್ಲಿ ಮೊಲ ತಲೆಕೆಳಗಾಗಿದೆ! ಫೋನ್ ಉಲ್ಟಾ ಹಿಡಿದಿದ್ದೆಯಾ ಅಂದರೆ ಇಲ್ಲಮ್ಮ ಅನ್ನುತ್ತಾನೆ. ಒಂದೇ ಚಂದ್ರ ಎರಡು ಥರ ಕಾಣುವುದುಂಟೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉಂಟು. ಮಗ ಹೇಳಿದ್ದು ನಿಜ, ಫೋನಿನ ತಪ್ಪೇನೂ ಇಲ್ಲ. ತಿರುಗಿರುವುದು ಚಂದ್ರನಲ್ಲ, ನೋಡುವವರು ನಿಂತಿರುವ ರೀತಿ.

ಆ ರಾತ್ರಿ ನಿಮಗೆ ಚಂದ್ರ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇದ್ದ. ನೀವು ದಕ್ಷಿಣಕ್ಕೆ ಮುಖ ಮಾಡಿ ನೋಡಿದಿರಿ. ಮೆಲ್ಬರ್ನ್ ಭೂಮಧ್ಯರೇಖೆಯಿಂದ ಸುಮಾರು 38 ಡಿಗ್ರಿ ದಕ್ಷಿಣದಲ್ಲಿದೆ, ಅಲ್ಲಿ ಚಂದ್ರ ಯಾವತ್ತೂ ನೆತ್ತಿಗೆ ಬರುವುದಿಲ್ಲ, ನಡುರಾತ್ರಿಯ ಹುಣ್ಣಿಮೆ ಚಂದ್ರ ಉತ್ತರದಲ್ಲೇ ಇರುತ್ತಾನೆ. ಹಾಗಾಗಿ ಮಗ ಉತ್ತರಕ್ಕೆ ತಿರುಗಿ ನಿಂತ. ನಿಮಗೆ ಮೊಲದ ಕಿವಿ ಬಲಗಡೆ, ಅವನಿಗೆ ಎಡಗಡೆ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ.

ನಂಬಿಕೆ ಬರದಿದ್ದರೆ ತಾರಸಿಯ ಮೇಲೆ ಚಾಪೆ ಹಾಸಿ. ಚಂದ್ರ ನೆತ್ತಿಯ ಹತ್ತಿರ ಬಂದಾಗ ನೀವು ಉತ್ತರಕ್ಕೆ ತಲೆ ಹಾಕಿ ಮಲಗಿ, ಮನೆಯವರು ಯಾರಾದರೂ ಪಕ್ಕದಲ್ಲೇ ದಕ್ಷಿಣಕ್ಕೆ ತಲೆ ಹಾಕಿ ಮಲಗಲಿ. (ಉತ್ತರಕ್ಕೆ ತಲೆ ಹಾಕಬಾರದು ಅಂತ ಹಿರಿಯರು ಹೇಳುತ್ತಾರೆ, ಗೊತ್ತು. ಐದು ನಿಮಿಷ ಸಾಕು.) ಇಬ್ಬರೂ ಕಂಡ ಮೊಲವನ್ನು ಹಾಳೆಯ ಮೇಲೆ ಬರೆಯಿರಿ. ಒಬ್ಬರದ್ದು ಇನ್ನೊಬ್ಬರಿಗೆ ಉಲ್ಟಾ ಬಂದಿರುತ್ತದೆ. ಲಂಡನ್ನಿನವರು ಈ ಆಟ ಆಡಲಾರರು, ಅಲ್ಲೂ ಚಂದ್ರ ನೆತ್ತಿಗೆ ಬರುವುದೇ ಇಲ್ಲವಲ್ಲ. ನಮಗೆ ಆ ಭಾಗ್ಯ ಇದೆ.

ಇನ್ನೂ ಒಂದು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಹೊಸ್ತಿಲ ಹುಣ್ಣಿಮೆಯ ನಡುರಾತ್ರಿ ಶಿವಮೊಗ್ಗದಲ್ಲಿ ಚಂದ್ರ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಆವತ್ತು ಉತ್ತರಕ್ಕೆ ಮುಖ ಮಾಡಿ ಕತ್ತೆತ್ತಿ ನೋಡಿ. ಮಗ ಕಳಿಸಿದ ಮೊಲವೇ ನಿಮ್ಮ ತಾರಸಿಯ ಮೇಲೂ ಕಾಣುತ್ತದೆ.

ಅಷ್ಟು ದಿನ ಕಾಯಲಾಗದಿದ್ದರೆ ಮುಂದಿನ ಹುಣ್ಣಿಮೆಗೆ ಸಂಜೆ ಚಂದ್ರ ಮೂಡುವಾಗ ಒಮ್ಮೆ ನೋಡಿ, ಬೆಳಗಿನ ಜಾವ ಮುಳುಗುವಾಗ ಎದ್ದು ಇನ್ನೊಮ್ಮೆ ನೋಡಿ. ಮೂಡುವಾಗ ಕಿವಿ ಮೇಲೆ ಮಾಡಿ ಕೂತ ಮೊಲ ಮುಳುಗುವ ಹೊತ್ತಿಗೆ ಕಿವಿ ಕೆಳಗೆ ಮಾಡಿರುತ್ತದೆ. ನಮ್ಮ ಊರುಗಳಿಂದ ಅದು ಒಂದೇ ರಾತ್ರಿಯಲ್ಲಿ ಸುಮಾರು 150 ಡಿಗ್ರಿ ತಿರುಗಿದಂತೆ ಕಾಣುತ್ತದೆ. ಲಂಡನ್ನಿನಲ್ಲಿ ಅದರ ಅರ್ಧದಷ್ಟು ಮಾತ್ರ.

ಬಿದಿಗೆ ತದಿಗೆಯ ಚಂದ್ರನೂ ಹೀಗೇ. ಮಕ್ಕಳ ಪುಸ್ತಕದಲ್ಲಿ ನೆಟ್ಟಗೆ ನಿಂತ ಚಂದ್ರನ ಚಿತ್ರ ಇರುತ್ತದೆ ಅಲ್ವಾ, ಅದು ಯುರೋಪಿನ ಕಡೆಯ ನೋಟಕ್ಕೆ ಹತ್ತಿರ. ನಮ್ಮಲ್ಲಿ ಫೆಬ್ರವರಿ ಮಾರ್ಚ್ ಹೊತ್ತಿಗೆ ಅವನು ದೋಣಿಯ ಹಾಗೆ ಎರಡೂ ಕೊಂಬು ಮೇಲೆ ಮಾಡಿ ಪಡುವಣದಲ್ಲಿ ಮಲಗಿರುತ್ತಾನೆ, ಸೆಪ್ಟೆಂಬರ್ ಹೊತ್ತಿಗೆ ಓರೆಯಾಗುತ್ತಾನೆ. ಲಂಡನ್ನಿನಲ್ಲಿ ಬೆಳೆಯುವ ಚಂದ್ರನ ಬೆಳಕು ಬಲಗಡೆ, ಮೆಲ್ಬರ್ನ್‌ನಲ್ಲಿ ಎಡಗಡೆ. ಆದರೆ ಒಂದೇ ಹೊತ್ತಿನಲ್ಲಿ ನೋಡಿದರೆ ಎಷ್ಟು ಭಾಗ ಬೆಳಗಿದೆ ಅನ್ನುವುದು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಇಲ್ಲಿ ಹುಣ್ಣಿಮೆ, ಅಲ್ಲಿ ಅಮಾವಾಸ್ಯೆ ಅಂತ ಆಗುವುದೇ ಇಲ್ಲ.

ಪ್ರಶ್ನೆ: ಕೆಲವು ಊರಿನಲ್ಲಿ ಚಂದ್ರ ದೊಡ್ಡದಾಗಿ ಕಾಣುತ್ತಾನಾ?
– ಶಾಲಾ ಬಾಲಕ, ಗದಗ

ಉತ್ತರ: ಕಣ್ಣಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ ಪುಟ್ಟ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ, ಊರು ಬದಲಾದರೆ ಆ ದೂರದಲ್ಲಿ ಬದಲಾಗುವುದು ಸ್ವಲ್ಪವೇ. ಮೂಡುವಾಗ ತೆಂಗಿನ ಮರದ ಹಿಂದೆ ದೊಡ್ಡದಾಗಿ ಕಾಣುವುದು ನಮ್ಮ ಮನಸ್ಸು ಮಾಡುವ ಮೋಸ. ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿ, ಆಗಲೂ ಮುಚ್ಚುತ್ತದೆ, ನೆತ್ತಿಗೆ ಬಂದಾಗಲೂ ಮುಚ್ಚುತ್ತದೆ.

ಪ್ರಶ್ನೆ: ಸಂಕಷ್ಟಿಯ ದಿನ ಚಂದ್ರೋದಯದ ಸಮಯ ಮಂಗಳೂರಿಗೆ ಒಂದು, ಬೆಂಗಳೂರಿಗೆ ಒಂದು ಹಾಕಿರುತ್ತಾರೆ. ಒಂದೇ ರಾಜ್ಯ ತಾನೆ? ಸಿಡ್ನಿಯಲ್ಲಿರುವ ಮಗಳು ಯಾವುದನ್ನು ನೋಡಬೇಕು?
– ಗೃಹಿಣಿ, ಮಂಗಳೂರು

ಉತ್ತರ: ಗಡಿಯಾರ ಒಂದೇ, ಆದರೆ ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದ ಊರಿಗೆ ಚಂದ್ರ ಮೊದಲು ಕಾಣುತ್ತಾನೆ. ಬೆಂಗಳೂರು ನಿಮಗಿಂತ ಸುಮಾರು 2.7 ಡಿಗ್ರಿ ಪೂರ್ವಕ್ಕಿದೆ, ಅದಕ್ಕೆ ನಿಮ್ಮಲ್ಲಿ ಹನ್ನೊಂದು ನಿಮಿಷದಷ್ಟು ತಡ. ಉಪವಾಸ ಇದ್ದವರಿಗೆ ಅದೂ ಲೆಕ್ಕವೇ. ಮಗಳು ಇಲ್ಲಿಯ ಪಂಚಾಂಗದ ಸಮಯವನ್ನು ಸಿಡ್ನಿಯ ಗಡಿಯಾರಕ್ಕೆ ಹೊಂದಿಸಿಕೊಂಡು ಕೂರುವುದು ಬೇಡ. ಸಿಡ್ನಿಗೇ ಲೆಕ್ಕ ಹಾಕಿದ ಸಮಯ ನೋಡಿಕೊಂಡು, ಅಲ್ಲಿಯ ಚಂದ್ರ ಕಂಡ ಮೇಲೆ ಊಟ ಮಾಡಲಿ.