ನಮಗೆ ಬಂದೂಕು ಕಂಡರಾಗದು, ಆದರೆ ಅಜ್ಜನ ಮನೆಯಲ್ಲಿದೆ: ಮಕ್ಕಳಿಗೆ ಏನು ಹೇಳಬೇಕು?

ಬಳ್ಳಾರಿಯಲ್ಲಿರುವ ನಿಮಗೂ ನಿಮ್ಮ ಯಜಮಾನರಿಗೂ ಬಂದೂಕೆಂದರೆ ಆಗದು, ಮನೆಗೆ ಆಟಿಕೆ ಪಿಸ್ತೂಲನ್ನೂ ತಂದವರಲ್ಲ. ಆದರೆ ಏಳು ಮತ್ತು ಹತ್ತು ವರ್ಷದ ಮಕ್ಕಳು ರಜೆಗೆ ಹೋಗುವ ಅಜ್ಜನ ಊರಿನಲ್ಲಿ ಬೆಳೆ ಕಾವಲಿಗೆಂದು ಪರವಾನಗಿ ಪಡೆದ ಬಂದೂಕಿದೆ ಎಂದು ಬರೆದಿದ್ದೀರಿ. ಅದರ ಮಾತೆತ್ತಿದರೆ ಮಕ್ಕಳಲ್ಲಿ ನಾವೇ ಆಸೆ ಹುಟ್ಟಿಸಿದಂತಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಇದೇ ಅಂಜಿಕೆಯಿಂದ ನಾನೂ ಬಹಳ ದಿನ ಸುಮ್ಮನಿದ್ದೆ. ಆದ್ದರಿಂದ ನನ್ನ ಮನೆಯಲ್ಲಿ ನಡೆದುದನ್ನೇ ಮೊದಲು ಹೇಳುತ್ತೇನೆ.

ನನ್ನ ಗಂಡನ ಊರು ಕೊಪ್ಪಳ ಜಿಲ್ಲೆಯಲ್ಲಿದೆ. ಗುಡ್ಡದ ಬದಿಯ ಶೇಂಗಾ ಹೊಲಕ್ಕೆ ಕರಡಿಯೂ ಕಾಡುಹಂದಿಯೂ ಇಳಿಯುವುದರಿಂದ ಮಾವನವರು ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಬಂದೂಕು ಇಟ್ಟುಕೊಂಡಿದ್ದಾರೆ. ಅದು ಪಡಸಾಲೆಯ ಗೂಟಕ್ಕೆ ತೂಗುಬಿದ್ದಿರುತ್ತಿತ್ತು. 2022ರ ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು ನೋಡಿದರೆ, ಎಂಟು ವರ್ಷದ ನನ್ನ ಮಗ ಜೋಳದ ಚೀಲದ ಮೇಲೆ ನಿಂತು, ನೆಲಕ್ಕೆ ಊರಿದ ಬಂದೂಕಿನ ನಳಿಗೆಯ ಬಾಯಿಗೆ ಕಣ್ಣಿಟ್ಟು ಒಳಗೆ ಇಣುಕುತ್ತಿದ್ದ. ಅವನಿಗಿಂತ ಸಣ್ಣವನಾದ ನಮ್ಮ ಮೈದುನನ ಮಗ ಕೆಳಗೆ ಕುಳಿತು ಬಂದೂಕು ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಒಳಗೆ ಗುಂಡು ಕಾಣಿಸುತ್ತದೆಯೇ ಎಂದು ನೋಡುತ್ತಿದ್ದರಂತೆ. ಮಾವನವರು ‘ಖಾಲಿ ಐತಿ, ಅಂಜಬ್ಯಾಡವ್ವ’ ಎನ್ನುತ್ತಲೇ ಮದ್ದು ಜಡಿಯುವ ಸಲಾಕೆಯನ್ನು ನಳಿಗೆಗೆ ಇಳಿಸಿದರು. ಖಾಲಿಯಾಗಿದ್ದರೆ ಅದು ತಳದವರೆಗೆ ಹೋಗಬೇಕು. ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು. ಹಿಂದಿನ ರಾತ್ರಿ ತುಂಬಿ, ಹಂದಿ ಬಾರದ್ದರಿಂದ ಹಾಗೆಯೇ ತಂದು ತೂಗುಹಾಕಿದ್ದರು. ಕಿಡಿ ಹೊತ್ತಿಸುವ ಕೇಪು ಮಾತ್ರ ಗೋಡೆಯ ಮಾಡದಲ್ಲಿದ್ದ ತಂಬಾಕಿನ ಡಬ್ಬಿಯಲ್ಲಿತ್ತು. ಮಾವನವರ ಕೈ ನಡುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹುಡುಗರು ಯಾರ ಮಾತನ್ನೂ ಮೀರಿರಲಿಲ್ಲ. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ, ಅಷ್ಟೆ. ಆಸೆ ಹುಟ್ಟಿಸಲು ನಮ್ಮ ಮಾತೇ ಬೇಕಿಲ್ಲ; ಗೋಡೆಯ ಮೇಲೆ ತೂಗುವ ವಸ್ತುವೇ ಅದಕ್ಕೆ ಸಾಕು.

ಆದರೆ ಹೇಳಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆಂದು ದಯವಿಟ್ಟು ತಿಳಿಯಬೇಡಿ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದ ಮೇಲೆ ನನಗೆ ಈ ವಿಷಯದಲ್ಲಿ ಸಂಶಯ ಉಳಿಯಲಿಲ್ಲ. ಎಂಟರಿಂದ ಹನ್ನೆರಡು ವರ್ಷದ ಹುಡುಗರ 29 ಗುಂಪುಗಳನ್ನು, ಒಂದೊಂದಾಗಿ, ಡ್ರಾಯರಿನಲ್ಲಿ ನಿಜವಾದ, ಆದರೆ ಗುಂಡು ಹಾರದಂತೆ ಮಾಡಿದ ಪಿಸ್ತೂಲು ಅಡಗಿಸಿಟ್ಟ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟಿದ್ದರು. 21 ಗುಂಪುಗಳಿಗೆ ಅದು ಸಿಕ್ಕಿತು. 16 ಗುಂಪುಗಳವರು ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಯಾರಾದರೊಬ್ಬ ಟ್ರಿಗರ್ ಎಳೆದ. ಹಾಗೆ ಮಾಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಬಂದೂಕಿನ ಎಚ್ಚರಿಕೆಯ ಪಾಠವನ್ನು ಮೊದಲೇ ಕೇಳಿದವರಾಗಿದ್ದರು. ಆದ್ದರಿಂದ ಕೀಲಿಯ ಕೆಲಸವನ್ನು ಮಗುವಿನ ಬುದ್ಧಿಗೆ ವಹಿಸಬಾರದು. ಬಂದೂಕು ಖಾಲಿಯಾಗಿ ಬೀಗದೊಳಗಿರಬೇಕು, ಮದ್ದು ಮತ್ತು ತೋಟಾ ಬೇರೆ ಬೀಗದೊಳಗಿರಬೇಕು, ಕೀಲಿಕೈ ಹಿರಿಯರ ಉಡಿದಾರದಲ್ಲೋ ಕಿಸೆಯಲ್ಲೋ ಇರಬೇಕು. ನಮ್ಮ ಮನೆಯಲ್ಲಿ ಇದು ತಡವಾಗಿಯೇ ಆಯಿತು. 2023ರ ವಿಧಾನಸಭೆ ಚುನಾವಣೆಗೆ ಮುನ್ನ ಬಂದೂಕು ಠಾಣೆಯಲ್ಲಿ ಜಮೆಯಾಗಿ ಮರಳುವಷ್ಟರಲ್ಲಿ ಮಾವನವರು ಗಂಗಾವತಿಯಿಂದ ಕಬ್ಬಿಣದ ಪೆಟ್ಟಿಗೆ ತರಿಸಿದ್ದರು. ಅಲ್ಲಿಯವರೆಗೆ ನಾನು ಮಕ್ಕಳನ್ನು ಆ ಮನೆಯಲ್ಲಿ ರಾತ್ರಿ ತಂಗಿಸಲಿಲ್ಲ. ಅದರಿಂದ ಮನಸ್ತಾಪವಾಯಿತು, ಆದರೂ ನಾನು ಮಾಡಿದ್ದು ಸರಿಯೆಂದೇ ಈಗಲೂ ನಂಬುತ್ತೇನೆ.

ನಿಮ್ಮ ಮನೆಯಲ್ಲಿ ಈ ಮಾತನ್ನು ನಿಮ್ಮ ಯಜಮಾನರೇ ತಮ್ಮ ತಂದೆಗೆ ಹೇಳಲಿ. ಸೊಸೆ ಹೇಳಿದರೆ ಅದು ಆಕ್ಷೇಪಣೆಯಂತೆ ಕೇಳಿಸುವ ಮನೆಗಳೇ ನಮ್ಮಲ್ಲಿ ಹೆಚ್ಚು. ‘ಅಪ್ಪಾ, ಹುಡುಗರು ನಾಳೆ ಬರಾಕತ್ತಾರ, ಬಂದೂಕಿನ ಪೆಟ್ಟಿಗಿಗೆ ಕೀಲಿ ಹಾಕಿಯೇನು?’ ಎಂದು ಹೊರಡುವ ಮುನ್ನ ಪ್ರತಿ ಸಲವೂ ಫೋನಿನಲ್ಲಿ ಕೇಳಬೇಕು.

ಇನ್ನು ಮಕ್ಕಳ ಮಾತು. ಹೊಲದ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯ ಬಗ್ಗೆ, ಕ್ರಿಮಿನಾಶಕದ ಬಾಟಲಿಯ ಬಗ್ಗೆ ಯಾವ ಧ್ವನಿಯಲ್ಲಿ ಹೇಳುತ್ತೀರೋ ಅದೇ ಧ್ವನಿಯಲ್ಲಿ ಹೇಳಿ. ಪಿಸುಗುಟ್ಟಿದರೆ ಅದು ಗುಟ್ಟಾಗುತ್ತದೆ. ‘ನನಗೆ ಇದು ಇಷ್ಟವಿಲ್ಲ’ ಎಂದು ಹೇಳಿದರೂ ತಪ್ಪಿಲ್ಲ, ಮಕ್ಕಳಿಗೆ ನಿಮ್ಮ ಮುಖ ಹೇಗೂ ತಿಳಿಯುತ್ತದೆ. ಬಂದೂಕು ಕಂಡರೆ ಅಲ್ಲಿಯೇ ನಿಲ್ಲಬೇಕು, ಮುಟ್ಟಬಾರದು, ಆ ಜಾಗ ಬಿಟ್ಟು ಹೋಗಬೇಕು, ದೊಡ್ಡವರಿಗೆ ಹೇಳಬೇಕು ಎಂಬ ನಾಲ್ಕು ಮಾತು ಸಾಕು. ನಿಜವೋ ಆಟಿಕೆಯೋ ಎಂದು ಪರೀಕ್ಷಿಸುವುದು ಮಗುವಿನ ಕೆಲಸವಲ್ಲ ಎಂಬುದನ್ನು ಮಾತ್ರ ಬಿಡಿಸಿ ಹೇಳಿ.

ಬಾಯಿಪಾಠ ಮಾಡಿಸಿದರೆ ಸಾಲದು, ಮಾಡಿಸಿ ನೋಡಬೇಕು. ನಾನು ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಪಿಸ್ತೂಲನ್ನು ಹಾಸಿಗೆಯ ಸುರುಳಿಯಲ್ಲಿಟ್ಟು, ಮಗನಿಗೆ ಹಾಸಿಗೆ ಹಾಸಲು ಹೇಳಿದೆ. ಮೊದಲ ಸಲ ಅವನು ಅದನ್ನು ಹಿಡಿದುಕೊಂಡೇ ಓಡಿಬಂದು ‘ಅವ್ವಾ, ನೋಡು, ಸಿಕ್ಕಿತು’ ಎಂದ. ಬೈಯಲಿಲ್ಲ, ಮತ್ತೆ ಮಾಡಿಸಿದೆ. ಮೂರನೆಯ ಸಲ ಬರಿಗೈಯಲ್ಲಿ ಬಂದ. ತಿಂಗಳು ಬಿಟ್ಟು, ಹೇಳದೆ, ಬೇರೆ ಜಾಗದಲ್ಲಿಟ್ಟಾಗಲೂ ಬರಿಗೈಯಲ್ಲಿಯೇ ಬಂದು ಕರೆದ. ಬಂದು ಹೇಳಿದ ಮಗುವಿಗೆ ‘ಅಲ್ಲಿಗೇಕೆ ಹೋಗಿದ್ದೆ’ ಎಂದು ಗದರಬೇಡಿ. ಒಮ್ಮೆ ಗದರಿದರೆ ಮುಂದಿನ ಸಲ ಅದು ನಿಮ್ಮ ಬಳಿ ಬರುವುದಿಲ್ಲ.

ಹತ್ತು ವರ್ಷದವನು ‘ನಾನು ಯಾವಾಗ ಹಿಡಿಯಬಹುದು’ ಎಂದು ಕೇಳಿದರೆ, 21 ವರ್ಷ ತುಂಬುವ ಮೊದಲು ಬಂದೂಕು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಹೇಳಿ, ಅಜ್ಜನ ಪರವಾನಗಿ ಪುಸ್ತಕವನ್ನೇ ತೋರಿಸಿ. ಗವಿಮಠದ ಜಾತ್ರೆಯಂಥ ಕಡೆ ಬಲೂನಿಗೆ ಗುರಿಯಿಡುವ ಅಂಗಡಿಯ ಮುಂದೆ ಮಕ್ಕಳು ನಿಂತೇ ನಿಲ್ಲುತ್ತಾರೆ. ಅಲ್ಲಿರುವುದು ಏರ್‌ಗನ್ನೇ ಆದರೂ ಅದರ ಛರ್ರೆ, ಅಂದರೆ ಸಣ್ಣ ಗುಂಡು, ಕಣ್ಣು ಕಳೆಯಬಲ್ಲದು. ಬೇಡವೆನಿಸಿದರೆ ಆಡಿಸಬೇಡಿ, ಆದರೆ ಕೈಹಿಡಿದು ಎಳೆದುಕೊಂಡು ಹೋಗುವ ಬದಲು ಎರಡು ನಿಮಿಷ ನಿಂತು, ಛರ್ರೆ ತುಂಬುವಾಗಲೂ ಕೊಡುವಾಗಲೂ ಅಂಗಡಿಯವನು ನಳಿಗೆಯನ್ನು ಯಾವ ಕಡೆಗೆ ಹಿಡಿಯುತ್ತಾನೆ ಎಂದು ಮಕ್ಕಳನ್ನೇ ಕೇಳಿ.